ಆರನೇ ಚಾನಲ್ಲು ಮತ್ತು ಭಾನುಪ್ರಿಯಾಳ ಹಟ

ದೇವನೂರಿನ ಚಿಕ್ಕಮಾದು ಅವರ ಮಗಳು ಭಾನುಪ್ರಿಯಾ ಚೂಡಿದಾರದ ವೇಲನ್ನು ಸೊಂಟಕ್ಕೆ ಬಿಗಿದು ಏಣಿ ಹತ್ತಿದಳೆಂದರೆ ನಂಜನಗೂಡಿನ ಬೀದಿಯಲ್ಲಿ ಹೋಗುವವರೆಲ್ಲ ಕತ್ತೆತ್ತಿ ನೋಡುತ್ತಿದ್ದರು. ನೋಡುವವರು ನೋಡಿಕೊಳ್ಳಲಿ ಎಂದು ಅವಳು ಯಾವಾಗಲೋ ಬಿಟ್ಟುಬಿಟ್ಟಿದ್ದಳು. ಅಪ್ಪ ತಾಂಡ್ಯದ ಕಾರ್ಖಾನೆಯಲ್ಲಿ ಪಾಳಿ ದುಡಿದು ಅವಳನ್ನು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದಿಸಿದ್ದರು. ಮೈಸೂರಿನ ಟಿ.ವಿ. ಅಂಗಡಿಯಲ್ಲಿ ಕೌಂಟರಿನ ಹಿಂದೆ ನಗುತ್ತ ನಿಲ್ಲುವ ಕೆಲಸ ಸಿಕ್ಕಿತ್ತು. ಅದು ಬೇಡವೆಂದು ಅವಳು ನಂಜನಗೂಡಿನ ರವಿಕುಮಾರನ ಹತ್ತಿರ ಕೆಲಸಕ್ಕೆ ಸೇರಿಕೊಂಡಳು.

ರವಿಕುಮಾರ್ ಕೇಬಲ್ ಟಿ.ವಿ.ಯಲ್ಲಿ ಪಳಗಿದವನು. ಎರಡು ಸಾವಿರದ ಏಳರಲ್ಲಿ, ತಂತಿ ಎಳೆಯದೆ ಗಾಳಿಯಲ್ಲೇ ಇಂಟರ್ನೆಟ್ ಕೊಡುತ್ತೇನೆಂದು ಹೊರಟಿದ್ದ. ಅವನ ಮನೆಯ ತಾರಸಿಯಿಂದ ಹೊರಟ ಸಿಗ್ನಲ್ಲು ನಡುದಾರಿಯ ಊರೊಂದರ ಕಂಬಕ್ಕೆ, ಅಲ್ಲಿಂದ ತಿ. ನರಸೀಪುರದ ಕಂಬಕ್ಕೆ, ಅಲ್ಲಿಂದ ಪೇಟೆಯ ಅಂಗಡಿಗಳಿಗೆ ಹೋಗಬೇಕು. ಮನುಷ್ಯ ಒಳ್ಳೆಯವನೇ. ಆದರೆ ಅವನ ಜಾತಕಕ್ಕೆ ಆರು ಕೂಡಿಬರುವ ಸಂಖ್ಯೆಯಂತೆ. ಬೈಕಿನ ನಂಬರಿನ ಕೊನೆಗೆ ಆರು, ಫೋನ್ ನಂಬರಿನ ಕೊನೆಗೂ ಆರು. ಹಾಗಾಗಿ ಎಲ್ಲ ಕಂಬದಲ್ಲೂ ಸಿಗ್ನಲ್ ಹಿಡಿದು ಕಳಿಸುವ ಎಲ್ಲ ರೇಡಿಯೋಗೂ ಆರನೇ ಚಾನಲ್ಲು. ಜೋಯಿಸರನ್ನು ಕೇಳಿಯಾಗಿತ್ತು, ರೇಡಿಯೋಗಳನ್ನು ಯಾರೂ ಕೇಳಿರಲಿಲ್ಲ.

ಒಂದೇ ಕಂಬದ ಮೇಲೆ ಕೇಳಿಸಿಕೊಳ್ಳುವ ಆಂಟೆನಾವೂ ಕೂಗಿ ಹೇಳುವ ಆಂಟೆನಾವೂ ಒಂದೇ ಚಾನಲ್ಲಿನಲ್ಲಿದ್ದರೆ, ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರುಗಳು ಒಟ್ಟಿಗೆ ಕೂಗಿಕೊಂಡ ಹಾಗೆ, ಯಾರ ಮಾತೂ ಯಾರಿಗೂ ತಿಳಿಯುವುದಿಲ್ಲ. ನರಸೀಪುರದಲ್ಲಿ ಇಂಟರ್ನೆಟ್ಟು ಗಳಿಗೆಗೊಮ್ಮೆ ಸಾಯುತ್ತಿತ್ತು. ಸಿಗ್ನಲ್ ಸಾಲದೇನೋ ಎಂದು ರವಿಕುಮಾರ್ ಪವರ್ ಏರಿಸುತ್ತಿದ್ದ, ಗದ್ದಲ ಇನ್ನಷ್ಟು ಏರುತ್ತಿತ್ತು. ಗಿರಾಕಿಗಳು ಒಬ್ಬೊಬ್ಬರೇ ಕಳಚಿಕೊಂಡರು. ಉಳಿದವರಲ್ಲಿ ದೊಡ್ಡ ಗಿರಾಕಿಯೆಂದರೆ ಬ್ರೌಸಿಂಗ್ ಸೆಂಟರಿನ ಸಾಕಮ್ಮ. ಅವಳು ಭಾನುಪ್ರಿಯಾಳ ಮುಖದ ಮೇಲೇ ಹೇಳಿಬಿಟ್ಟಳು.

"ಎಸ್ಸೆಲ್ಸಿ ರಿಸಲ್ಟ್ ದಿನ ಊರೆಲ್ಲ ನನ್ನಂಗ್ಡಿ ಮುಂದೆ ನಿಂತಿರ್ತದೆ. ಅವತ್ತು ಕೈ ಕೊಟ್ರೆ ನಿಮ್ ಡಬ್ಬ ಬಿಚ್ಕೊಂಡ್ ಓಗ್ತಾ ಇರಿ."

ಸಾಕಮ್ಮ ಬಿಟ್ಟರೆ ನರಸೀಪುರದ ಕಂಬವನ್ನೇ ಇಳಿಸುವುದೆಂದು ರವಿಕುಮಾರ್ ತೀರ್ಮಾನಿಸಿದ. ಆ ಕಂಬ ನೋಡಿಕೊಳ್ಳಲೆಂದೇ ಸೇರಿದ್ದ ಭಾನುಪ್ರಿಯಾಳ ಕೆಲಸವೂ ಅದರ ಜೊತೆಗೇ ಹೋಗುತ್ತಿತ್ತು.

ಅವಳು ಸುಮ್ಮನೆ ಕೂರಲಿಲ್ಲ. ಉರಿಬಿಸಿಲಲ್ಲಿ ಲ್ಯಾಪ್‌ಟಾಪ್ ಹೊತ್ತು ಕಂಬದಿಂದ ಕಂಬಕ್ಕೆ ಅಲೆದು, ಯಾವ ಚಾನಲ್ಲಿನಲ್ಲಿ ಎಷ್ಟು ಗದ್ದಲವಿದೆ ಎಂದು ಅಳೆದುಕೊಂಡು ಬಂದಳು.

"ಒಂದರ ಮೇಲೊಂದು ಬೀಳ್ದೆ ಇರೋ ಚಾನಲ್ಲು ಮೂರೇ ಸಾ. ಒಂದು, ಆರು, ಅನ್ನೊಂದು. ನಿಮ್ಮನೆಯಿಂದ ನಡುವಿನ ಕಂಬಕ್ಕೆ ಆರೇ ಇರ್ಲಿ. ಅಲ್ಲಿಂದ ನರಸೀಪುರಕ್ಕೆ ಒಂದು. ಅಂಗಡಿಗಳ್ಗೆ ಅನ್ನೊಂದು."

"ಅನ್ನೊಂದ್ರಲ್ಲಿರೋ ಒಂದೂ ಒಂದೂ ಕೂಡುದ್ರೆ ಎರಡು ಕಣವ್ವ. ಎರಡು ನಂಗಾಗಲ್ಲ."

"ನಿಮ್ಗಾಗ್ದಿದ್ರೂ ರೇಡಿಯೋಗ್ ಆಯ್ತದೆ ಸಾ."

ರವಿಕುಮಾರ್ ತಲೆ ಕೆರೆದುಕೊಂಡ, ನಕ್ಕ, ಒಲ್ಲದ ಮನಸ್ಸಿನಿಂದ ಹೂಂ ಅಂದ. ಅವಳು ಬದಲಾಯಿಸಿದ ಮೇಲಿನ ದಿನಗಳಲ್ಲಿ ನರಸೀಪುರದ ಇಂಟರ್ನೆಟ್ಟು ಒಮ್ಮೆಯೂ ಕಡಿದುಹೋಗಲಿಲ್ಲ.

ರಿಸಲ್ಟಿನ ದಿನ ಅವಳು ಸಾಕಮ್ಮನ ಅಂಗಡಿಗೆ ಬಂದು ನೋಡಿದರೆ ಕಂಪ್ಯೂಟರುಗಳ ಪರದೆಯೆಲ್ಲ ಬೆಳ್ಳಗೆ ಕೂತಿದೆ. ಮಕ್ಕಳು, ಅವರ ಅಪ್ಪ ಅಮ್ಮಂದಿರು ಬಾಗಿಲಲ್ಲಿ ಮುಗಿಬಿದ್ದಿದ್ದಾರೆ. ಸಾಕಮ್ಮ ಗೋಡೆಯ ಮೇಲಿನ ಸಿಗ್ನಲ್ ಡಬ್ಬದ ಕಡೆ ಕೈ ತೋರಿಸಿದಳು. ಭಾನುಪ್ರಿಯಾ ಲ್ಯಾಪ್‌ಟಾಪ್ ತೆರೆದಳು. ಎಲ್ಲ ಕಂಬವೂ ಮತ್ತೆ ಆರಕ್ಕೆ ಬಂದಿತ್ತು! ಅವಳಿಗೆ ಮೈಯೆಲ್ಲ ಉರಿದುಹೋಯಿತು. ರವಿಕುಮಾರನಿಗೆ ಫೋನ್ ಹಚ್ಚಿದಳು.

"ದೊಡ್ ದಿನ ಅಲ್ವೇನವ್ವ," ಅವನ ದನಿ ಮೆತ್ತಗಿತ್ತು. "ಒಳ್ಳೇದಾಗ್ಲಿ ಅಂತ ನಾನೇ ಬದ್ಲಾಯಿಸ್ದೆ. ಇವತ್ತೊಂದಿನ ಇರ್ಲಿ ಬುಡು."

"ಇರಾಕಿಲ್ಲ ಸಾ. ಈಗ್ಲೇ ಬದ್ಲಾಯಿಸ್ತೀನಿ. ಕೆಲ್ಸದಿಂದ ತೆಗೀಬೇಕು ಅಂದ್ರೆ ಸಂಜೆ ಬತ್ತೀನಿ, ಆಗ ತೆಗೀರಿ."

ಮೊದಲು ನರಸೀಪುರದ ಕಂಬದಲ್ಲಿ ಅಂಗಡಿಗಳ ಕಡೆಯ ರೇಡಿಯೋವನ್ನು ಹನ್ನೊಂದಕ್ಕೆ ತಂದಳು. ಆಮೇಲೆ ತೆವಳುತ್ತಿದ್ದ ಸಿಗ್ನಲ್ಲಿನಲ್ಲೇ ನಡುವಿನ ಕಂಬವನ್ನು ಹಿಡಿದು, ನರಸೀಪುರದ ಕಡೆಯ ರೇಡಿಯೋವನ್ನು ಒಂದಕ್ಕೆ ತಿರುಗಿಸಿದಳು. ಮೂಲೆಯ ಪರದೆಯಲ್ಲಿ ಅಂಕಗಳು ಮೂಡಿದವು, ಆಮೇಲೆ ಪಕ್ಕದ್ದರಲ್ಲಿ, ಆಮೇಲೆ ಎಲ್ಲದರಲ್ಲಿ. ಯಾರದೋ ಅಮ್ಮ ಅತ್ತೇಬಿಟ್ಟರು. ಸಾಕಮ್ಮನಿಗೆ ಸಂಜೆವರೆಗೆ ಉಸಿರಾಡಲೂ ಪುರುಸೊತ್ತಿರಲಿಲ್ಲ.

ಕೆಲಸ ಹೋಯಿತೆಂದೇ ಮನಸ್ಸು ಗಟ್ಟಿ ಮಾಡಿಕೊಂಡು ಭಾನುಪ್ರಿಯಾ ನಂಜನಗೂಡಿಗೆ ವಾಪಸ್ಸಾದಳು. ರವಿಕುಮಾರ್ ತಲೆ ಎತ್ತದೆ ತನ್ನ ಕಂಪ್ಯೂಟರನ್ನು ಅವಳ ಕಡೆ ತಿರುಗಿಸಿದ.

"ಸಾಕಮ್ಮ ಫೋನ್ ಮಾಡಿದ್ಲು, ಡಬ್ಬ ಬಿಚ್ಚೋದ್ ಬ್ಯಾಡ್ವಂತೆ. ನಮ್ಮನೆ ತಾರಸಿ ರೇಡಿಯೋನೂ ಬದ್ಲಾಯಿಸ್ಬುಡು. ಆ ಆರು ನಂಗ್ ಬೇಡ."

ಆ ಮುಖ ನೋಡಿ ಅವಳಿಗೆ ಗೆದ್ದ ಖುಷಿಗಿಂತ ಪಾಪ ಅನ್ನಿಸಿದ್ದೇ ಹೆಚ್ಚು. ಹಾಗೆಂದು ಪಾಪಕ್ಕೂ ಕೋಪಕ್ಕೂ ಚಾನಲ್ ಬದಲಾಯಿಸುವವಳಲ್ಲ ಅವಳು.

"ಬ್ಯಾಡಿ ಸಾ. ಅಳತೇಲೂ ಇಲ್ಲಿಗೆ ಆರೇ ಸರಿ."

ರವಿಕುಮಾರ್ ಕುರ್ಚಿ ಎಳೆದು ಕೊಟ್ಟ.

"ಬದನವಾಳಲ್ಲೂ ಕಂಬ ಕೇಳ್ತಾವ್ರೆ. ಅಲ್ಲಿಗ್ ಯಾವ್ ಚಾನಲ್ಲವ್ವ?"

"ಓಗಿ ಅಳತೆ ಮಾಡ್ಕೊಂಡ್ ಬಂದು ಏಳ್ತೀನಿ ಸಾ," ಅಂದಳು ಭಾನುಪ್ರಿಯಾ.