ಹನ್ನೆರಡು ಬಿಗಿ ಕೋಟುಗಳು

ನಮ್ಮ ದೊಡ್ಡಮ್ಮ ಮೂವತ್ತು ವರ್ಷದಿಂದ ಬಟ್ಟೆ ಹೊಲಿಯುತ್ತಿದ್ದಾರೆ. ಬೀದಿಯ ತಿರುವಿನಲ್ಲಿ ಎರಡು ಮೆಟ್ಟಿಲು ಹತ್ತಿದರೆ ಸಿಗುವ ಒಂದೇ ಕೋಣೆ ಅವರ ಅಂಗಡಿ. ಗೋಡೆಯ ಉದ್ದಕ್ಕೂ ಗುಂಡಿಗಳನ್ನು ಬಣ್ಣ ನೋಡಿ ವಿಂಗಡಿಸಿಟ್ಟ ಗಾಜಿನ ಜಾಡಿಗಳು. ಮೊದಲು ಅಲ್ಲಿ ಎರಡು ಮಿಷನ್ನುಗಳಿದ್ದವು. ಒಂದು ದೊಡ್ಡಮ್ಮನದು, ಇನ್ನೊಂದು ಅವರ ನಾದಿನಿಯದು, ಅಂದರೆ ನನ್ನ ಅತ್ತೆಯದು. ಅಳತೆ ತೆಗೆದು ಕತ್ತರಿಸುವುದು ಹೆಚ್ಚಾಗಿ ಅತ್ತೆ, ಹೊಲಿಯುವುದು ದೊಡ್ಡಮ್ಮ. ಮಿಷನ್ನಿನ ಸದ್ದಿಗಿಂತ ಇವರಿಬ್ಬರ ನಗುವೇ ಜೋರು ಎಂದು ಪಕ್ಕದ ಚಪ್ಪಲಿ ಅಂಗಡಿಯವರು ಹೇಳುತ್ತಿದ್ದರು.

ಹೊಲಿಗೆಯವರಲ್ಲಿ ಒಂದು ನೇಮವಿದೆ. ಬಟ್ಟೆ ಕತ್ತರಿಸುವ ಕತ್ತರಿಯನ್ನು ಕಾಗದಕ್ಕೆ ಹಾಕಬಾರದು, ಅಲಗು ಮೊಂಡಾಗುತ್ತದೆ. ಕಳೆದ ವರ್ಷ ಒಂದು ದಿನ ಅತ್ತೆಯ ಕತ್ತರಿ ಸಾಣೆಗೆ ಹೋಗಿತ್ತು. ಅವರು ದೊಡ್ಡಮ್ಮನ ಕತ್ತರಿ ಎತ್ತಿಕೊಂಡು, ಹಳೆಯ ಕ್ಯಾಲೆಂಡರಿನ ಹಾಳೆಯಲ್ಲಿ ಕಾಲರಿನ ಮಾದರಿಯೊಂದನ್ನು ಕತ್ತರಿಸಿದರು.

"ನನ್ನ ಕತ್ತರೀನ ಕಾಗದಕ್ಕೆ ಹಾಕಿದ್ಯಾ?"

"ಒಂದೇ ಹಾಳೆ ಅತ್ತಿಗೆ. ಅಷ್ಟಕ್ಕೆ ಕತ್ತರಿಗೇನು ಜ್ವರ ಬರುತ್ತಾ?"

ಬಟ್ಟೆ ಕೊಡಲು ಬಂದಿದ್ದ ಹೆಂಗಸರು ನಕ್ಕುಬಿಟ್ಟರು. ದೊಡ್ಡಮ್ಮನಿಗೆ ಚುಚ್ಚಿದ್ದು ಆ ನಗು. ಮಾತಿಗೆ ಮಾತು ಬೆಳೆಯಿತು. ಸಂಜೆಯ ಹೊತ್ತಿಗೆ ಅತ್ತೆ ತಮ್ಮ ಮಿಷನ್ನನ್ನು ತಳ್ಳುಗಾಡಿಯ ಮೇಲೆ ಹೇರಿಸಿಕೊಂಡು ಎದುರಿಗಿದ್ದ ತಮ್ಮ ಮನೆಗೆ ಹೋದರು.

ಏಳು ತಿಂಗಳು ಇಬ್ಬರಿಗೂ ಮಾತಿಲ್ಲ. ದೊಡ್ಡಪ್ಪ ಮಾತ್ರ ತಂಗಿಯ ಮನೆಯಲ್ಲಿ ಕದ್ದು ಒಂದು ಟೀ ಕುಡಿದು, ಅದು ಗೊತ್ತಾಗದಿರಲೆಂದು ಇಲ್ಲಿ ಬಂದು ಇನ್ನೊಂದು ಕುಡಿಯುತ್ತಿದ್ದರು.

ಎದುರು ಮನೆಯ ಕಿಟಕಿ ಕಾಣಬಾರದೆಂದು ದೊಡ್ಡಮ್ಮ ತಮ್ಮ ಮಿಷನ್ನನ್ನು ಗೋಡೆಯ ಕಡೆ ತಿರುಗಿಸಿದರು. ಬೆಳಕು ಸಾಲದೆ ತಲೆನೋವು ಶುರುವಾಯಿತು. ಆಮೇಲೆ ಎದೆ ಉರಿ. ಆಮೇಲೆ ನಿದ್ದೆ ಹೋಯಿತು. ದಾರ ತುಂಡಾದರೆ ಮಿಷನ್ನಿಗೆ ಬೈಗುಳ, ಮಿಷನ್ನು ಸುಮ್ಮನಿದ್ದರೆ ದೊಡ್ಡಪ್ಪನಿಗೆ. ಕೊನೆಗೆ ಅವರೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಡಾಕ್ಟರು ರಕ್ತದೊತ್ತಡ ನೋಡಲು ತೋಳಿಗೆ ಪಟ್ಟಿ ಸುತ್ತಿದರು.

"ಯಾರಾದ್ರೂ ಇಷ್ಟು ಬಿಗಿಯಾಗಿ ಅಳತೆ ತಗೋತಾರಾ?" ದೊಡ್ಡಮ್ಮ ರೇಗಿದರು.

"ಪಟ್ಟಿ ಸರಿಯಾಗೇ ಇದೆಯಮ್ಮ. ಯಾರ ಮೇಲಾದ್ರೂ ಕೋಪ ಇಟ್ಕೊಂಡಿದ್ದೀರಾ?"

"ನಾನಾ? ಯಾರ ಮೇಲೂ ಇಲ್ಲ." ಹಲ್ಲು ಕಚ್ಚಿಕೊಂಡೇ ಹೇಳಿದರು.

ದೊಡ್ಡಪ್ಪ ತಲೆ ಎತ್ತಿ ಫ್ಯಾನು ನೋಡುತ್ತಾ ಕೂತರು.

ಅದೇ ವಾರ ಬ್ಯಾಂಡಿನವರ ಕೆಲಸ ಬಂತು. ಹನ್ನೆರಡು ನೀಲಿ ಕೋಟು, ಭಾನುವಾರ ಮೈದಾನದಲ್ಲಿ ಸ್ಪರ್ಧೆ. ನಾದಿನಿ ಇಲ್ಲದೆಯೂ ಅಂಗಡಿ ನಡೆಯುತ್ತದೆಂದು ಇಡೀ ಬೀದಿಗೆ ತೋರಿಸಲು ದೊಡ್ಡಮ್ಮನಿಗೆ ಇದಕ್ಕಿಂತ ಒಳ್ಳೆಯ ಕೆಲಸ ಸಿಗುವಂತಿರಲಿಲ್ಲ. ಅಳತೆಯನ್ನು ತಾವೇ ತೆಗೆದರು. ಎದುರು ಮನೆಯಿಂದ ಅತ್ತೆಯ ನಗು ಕೇಳಿದಾಗಲೆಲ್ಲ ಟೇಪು ಹಿಡಿದ ಕೈ ತಾನಾಗಿಯೇ ಜಗ್ಗುತ್ತಿತ್ತು. ಅತ್ತೆಯೋ, ದಿನವಿಡೀ ನಗುವವರು.

ಶುಕ್ರವಾರ ಬೆಳಿಗ್ಗೆ ಹನ್ನೆರಡು ಜನವೂ ಕೋಟು ತೊಟ್ಟು ಸಾಲಾಗಿ ನಿಂತರು. ನೋಡಲು ಬಹಳ ಚೆನ್ನಾಗಿತ್ತು. "ಒಂದು ಸಲ ಊದಿಬಿಡ್ರಪ್ಪ" ಎಂದರು ಬ್ಯಾಂಡ್ ಮೇಷ್ಟ್ರು. ದೊಡ್ಡ ಕಹಳೆಯ ದಪ್ಪಣ್ಣ ಉಸಿರೆಳೆದುಕೊಂಡ. ಟಪ್ಪೆಂದು ಅವನ ಎದೆಯ ಗುಂಡಿ ಹಾರಿ ಜಾಡಿಗೆ ಬಡಿಯಿತು. ಪಕ್ಕದವನದೂ ಹಾರಿತು. ಅವನ ಪಕ್ಕದವನದೂ. ಡೋಲಿನವನು ಊದುವವನಲ್ಲವಾದ್ದರಿಂದ ಅವನ ಗುಂಡಿ ಉಳಿಯಿತು, ಆದರೆ ಕೋಲು ಎತ್ತಿದ ಕೂಡಲೇ ಕಂಕುಳು ಪರ್ರೆಂದು ಹರಿಯಿತು.

"ಕೋಟು ಚೆನ್ನಾಗಿದೆಯಮ್ಮ," ಎಂದ ದಪ್ಪಣ್ಣ. "ಉಸಿರಾಡೋದಕ್ಕೆ ಮಾತ್ರ ಬೇರೆ ಯಾರನ್ನಾದ್ರೂ ಇಟ್ಕೋಬೇಕು."

ದೊಡ್ಡಮ್ಮ ಒಂದು ಕೋಟನ್ನು ಒಳಮೈ ತಿರುಗಿಸಿದರು. ಮುಂದೆ ಸಡಿಲಿಸಲು ಬೇಕಾಗುತ್ತದೆಂದು ಅತ್ತೆ ಯಾವಾಗಲೂ ಹೊಲಿಗೆಯ ಒಳಗೆ ಎರಡು ಬೆರಳಿನಷ್ಟು ಬಟ್ಟೆ ಬಿಡುತ್ತಿದ್ದರು. ದೊಡ್ಡಮ್ಮ ಈ ಸಲ ಹಟಕ್ಕೆ ಬಿದ್ದು ಅದನ್ನೂ ಬಿಟ್ಟಿರಲಿಲ್ಲ.

ಅವರು ಸ್ಟೂಲಿನ ಮೇಲೆ ಕೂತು, ಟೇಪನ್ನು ತಮ್ಮ ಮಣಿಕಟ್ಟಿಗೇ ಸುತ್ತಿ ನೋಡಿದರು. ತೆಗೆದಾಗ ಚರ್ಮದ ಮೇಲೆ ಗೆರೆ ಬಿದ್ದಿತ್ತು.

"ಎಲ್ಲರಿಗೂ ಟೇಪು ಹೀಗೇ ಬಿಗಿದಿದ್ದೀನಾ?"

ದೊಡ್ಡಮ್ಮ ಎದ್ದು ಒಂದು ಕೈಯಲ್ಲಿ ಕೋಟು, ಇನ್ನೊಂದರಲ್ಲಿ ಕತ್ತರಿ ಹಿಡಿದು ಬೀದಿ ದಾಟಿದರು. "ಕತ್ತರಿ ಯಾಕೇ ಈಗ?" ಎನ್ನುತ್ತಾ ದೊಡ್ಡಪ್ಪ ಹಿಂದೆಯೇ ಓಡಿದರು.

ಅತ್ತೆ ಬಾಗಿಲಿಗೆ ಬಂದರು. "ಏನತ್ತಿಗೆ, ನನ್ನ ಮೂಗು ಕೊಯ್ಯೋಕೆ ಬಂದ್ರಾ?"

"ಇಗೋ ಕತ್ತರಿ. ಎಷ್ಟು ಕಾಗದ ಬೇಕೋ ಕತ್ತರಿಸ್ಕೋ." ಆಮೇಲೆ ದೊಡ್ಡಮ್ಮನ ದನಿ ಇಳಿಯಿತು. "ಹನ್ನೆರಡೂ ಬಿಗಿ ಕಣೇ. ಏನು ಮಾಡ್ಲಿ?"

ಅತ್ತೆ ಕೋಟು ತಿರುಗಿಸಿ ನೋಡಿದರು. "ಎರಡು ಬೆರಳು ಬಟ್ಟೆ ಬಿಡೋಕೆ ಏನಾಗಿತ್ತು ನಿಮಗೆ?"

"ಬಿಟ್ಟಿದ್ರೆ ನಿನ್ನ ನೆನಪಾಗ್ತಿತ್ತು."

ಅತ್ತೆಗೆ ನಗು ತಡೆಯಲಾಗಲಿಲ್ಲ. ದೊಡ್ಡಮ್ಮನಿಗೂ ಬಂತು. ಏಳು ತಿಂಗಳಿನದೆಲ್ಲ ಕೂಡಿಟ್ಟಿದ್ದರೋ ಏನೋ, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಚಪ್ಪಲಿ ಅಂಗಡಿಯವರು ಹೊರಗೆ ಬಂದು ನಿಂತು ನೋಡಿದರು.

ಕೋಟಿನ ಎರಡೂ ಪಕ್ಕ ಬಿಚ್ಚಿ, ಕಂಕುಳಿನಿಂದ ಕೆಳಗಿನವರೆಗೆ ಒಳಕ್ಕೆ ಮಡಿಕೆ ಹಿಡಿದ ಒಂದೊಂದು ಕೆಂಪು ಪಟ್ಟಿ ಸೇರಿಸುವುದೆಂದು ಅತ್ತೆ ಹೇಳಿದರು. ಆ ಪಟ್ಟಿಗೆ ಕಾಗದದ ಮಾದರಿ ಬೇಕಿತ್ತು. ಅದನ್ನು ದೊಡ್ಡಮ್ಮ ತಮ್ಮ ಕತ್ತರಿಯಿಂದ ತಾವೇ ಕತ್ತರಿಸಿದರು. ಅತ್ತೆ ಹನ್ನೆರಡು ಜನರನ್ನೂ ಮತ್ತೆ ಅಳೆದರು. "ಉಸಿರು ತಗೊಳ್ಳಪ್ಪ, ಇನ್ನೂ ತಗೋ, ನಾಚ್ಕೋಬೇಡ." ಶನಿವಾರ ಸಂಜೆಗೆ ಎಲ್ಲ ಕೋಟುಗಳೂ ಮುಗಿದವು.

ಭಾನುವಾರ ಬ್ಯಾಂಡಿನವರು ಮೂರನೆಯ ಸ್ಥಾನ ಪಡೆದರು. ಅವರು ಉಸಿರೆಳೆದಾಗಲೆಲ್ಲ ಕೆಂಪು ಪಟ್ಟಿ ಅಗಲವಾಗಿ ಕಾಣುತ್ತಿತ್ತು, ಊದಿದಾಗ ಮಡಿಕೆಯೊಳಗೆ ಸೇರುತ್ತಿತ್ತು. ಜನ ಅದನ್ನೇ ನೋಡಿದರು. ದಪ್ಪಣ್ಣ ಒಂದೂ ಗುಂಡಿ ಕಳೆದುಕೊಳ್ಳಲಿಲ್ಲ.

ಎಲ್ಲ ಕಾಯಿಲೆಯೂ ಕೋಪದಿಂದಲೇ ಬರುತ್ತದೆಂದು ನಾನು ಹೇಳಲಾರೆ, ನನಗೆ ಅಷ್ಟು ಗೊತ್ತಿಲ್ಲ. ದೊಡ್ಡಮ್ಮ ಡಾಕ್ಟರ ಮಾತ್ರೆಯನ್ನೂ ತಪ್ಪದೆ ತೆಗೆದುಕೊಂಡರು. ಆದರೆ ಅತ್ತೆಯ ಮಿಷನ್ನು ವಾಪಸು ಬಂದ ದಿನ ಅವರು ಮಧ್ಯಾಹ್ನ ಇಸ್ತ್ರಿ ಮೇಜಿಗೆ ಒರಗಿ ಕೂತಲ್ಲೇ ನಿದ್ದೆಹೋಗಿದ್ದು ನಿಜ. ದೊಡ್ಡಮ್ಮನ ಮಿಷನ್ನು ಈಗ ಮತ್ತೆ ಕಿಟಕಿಯ ಕಡೆ ತಿರುಗಿದೆ.

ಕತ್ತರಿ ಮಾತ್ರ ಸ್ವಲ್ಪ ಮೊಂಡಾಯಿತು. ಸಾಣೆಗೆ ಹೋಗಿದೆ. ಅದು ಬರುವವರೆಗೆ ಇಬ್ಬರಿಗೂ ಅತ್ತೆಯ ಕತ್ತರಿಯೇ.