ಭಟ್ಟಿ ಓಣಿಯ ತವರು

ದಾವಣಗೆರೆಯಲ್ಲಿ ನಾವಿದ್ದ ಓಣಿಗೆ ಸುಮ್ಮನಿರುವುದೆಂದರೇನೆಂದೇ ಗೊತ್ತಿರಲಿಲ್ಲ. ಅರವತ್ತನೇ ಇಸವಿಯ ಆಸುಪಾಸಿನ ಮಾತು. ಬೆಳಗ್ಗೆ ಮಿಲ್ಲಿನ ಸೈರನ್ ಕೂಗಿದರೆ ಎಲ್ಲ ಮನೆಗಳ ಒಲೆಯೂ ಒಟ್ಟಿಗೇ ಹೊತ್ತಬೇಕು. ಆಮೇಲೆ ಮಂಡಕ್ಕಿ ಭಟ್ಟಿಗಳಲ್ಲಿ ಕಾದ ಮರಳಿಗೆ ಅಕ್ಕಿ ಸುರಿದ ಚಟಪಟ, ಗರಡಿ ಮನೆಯ ಹುಡುಗರ ಹುಂಕಾರ, ನಲ್ಲಿಯ ಮುಂದೆ ಕೊಡದ ಜಗಳ. ಸಂಜೆ ಮಿರ್ಚಿ ಅಂಗಡಿಯ ಮುಂದೆ ಕಾಲಿಡಲು ಜಾಗವಿಲ್ಲ. ಹರಿಹರದಿಂದ ರೈಲು ಹತ್ತಿ ಬಂದು ಮಂಡಕ್ಕಿ-ಮಿರ್ಚಿ ತಿಂದು ಹೋಗುವವರಿದ್ದರು. ನಾನು ಕುಕ್ಕುವಾಡವೆಂಬ ಸಣ್ಣ ಹಳ್ಳಿಯ ಹುಡುಗಿ. ಒಣಹಾಕಿದ ಸೀರೆ ಭಟ್ಟಿಯ ಹೊಗೆಗೆ ಕಪ್ಪಾಗುವುದನ್ನು ಕಂಡು, ಯಾವ ಜನ್ಮದ ಪಾಪಕ್ಕೆ ಇಲ್ಲಿ ಬಂದು ಬಿದ್ದೆನಪ್ಪಾ ಎಂದು ಗಂಡನ ತಲೆ ತಿಂದಿದ್ದೆ. ಅವರು ಮಿಲ್ಲಿನ ಕೆಲಸದವರು; ಮಗ್ಗದ ಸದ್ದಿಗೆ ಕಿವಿ ಮಂದವಾಗಿತ್ತು, ಅದೇ ಅವರ ಪುಣ್ಯ.

ಎದುರಿನ ಭಟ್ಟಿಯ ಒಡತಿಯನ್ನು ಓಣಿಯೆಲ್ಲ ಖಾಲಾ ಎನ್ನುತ್ತಿತ್ತು. ಖಾಲಾ ಎಂದರೆ ಅವ್ವನ ತಂಗಿ. ನನಗೆ ಅವ್ವನೇ ಇರಲಿಲ್ಲ, ಆದರೂ ಹಾಗೇ ಕರೆಯುತ್ತಿದ್ದೆ.

ಚೊಚ್ಚಲ ಬಸುರಿಗೆ ತವರಿನ ಹೆಂಗಸರು ಬುತ್ತಿ ಕಟ್ಟಿಕೊಂಡು ಬಂದು, ಹಸಿರು ಸೀರೆ ಉಡಿಸಿ, ಉಡಿ ತುಂಬಿ ಕುಬುಸ ಮಾಡುವುದು ನಮ್ಮ ಕಡೆಯ ಪದ್ಧತಿ. ನನಗೆ ಏಳು ತಿಂಗಳಾಯಿತು. ತವರಿನಲ್ಲಿ ಇದ್ದವನು ಅಪ್ಪ ಒಬ್ಬನೇ, ಗಂಡಸು ಉಡಿ ತುಂಬುವಂತಿಲ್ಲ. ಹರಿಹರದಲ್ಲಿದ್ದ ಅತ್ತೆ ಕಡ್ಡಿ ಮುರಿದಂತೆ ಹೇಳಿದ್ದರು: "ತವರಿನ ಹೆಣ್ಮಕ್ಕಳು ಬಂದ್ರೆ ಕುಬುಸ, ಇಲ್ಲಾಂದ್ರ ಬ್ಯಾಡ." ಕೆಟ್ಟವರಲ್ಲ, ಪದ್ಧತಿ ಬಿಡದವರು ಅಷ್ಟೆ. ತಾಯಿ ಇಲ್ಲದ ಮೇಲೆ ತವರೆಲ್ಲಿಯದು ಎಂದು ನಾನೂ ಬಾಯಿ ಮುಚ್ಚಿಕೊಂಡೆ. ಆದರೆ ಒಂದು ದಿನ ನಲ್ಲಿಯ ಹತ್ತಿರ ಅಳು ತಡೆಯಲಾಗಲಿಲ್ಲ. ಖಾಲಾ ಯಾಕೆಂದು ಕೇಳಿದಳು, ಎಲ್ಲ ಹೇಳಿಬಿಟ್ಟೆ. ಅವಳು ನನ್ನ ಕೊಡವನ್ನು ಮನೆತನಕ ಹೊತ್ತು ತಂದಿಟ್ಟು, ಭಾನುವಾರ ಅತ್ತೆಯನ್ನು ಕರೆಸು ಎಂದಷ್ಟೇ ಹೇಳಿ ಹೋದಳು.

ಭಾನುವಾರ ಅತ್ತೆ ಬಂದು ಕೂತರು. ಓಣಿಯಲ್ಲಿ ಒಂದು ಹೆಂಗಸಿನ ಸುಳಿವಿಲ್ಲ, ಖಾಲಾಳ ಭಟ್ಟಿ ಕೂಡ ತಣ್ಣಗಿತ್ತು. ದಿನಾ ಕಿವಿ ತೂತು ಬೀಳುವಂತೆ ಕೂಗಾಡುವವರು ಬೇಕಾದ ದಿನವೇ ಎಲ್ಲಿ ಹಾಳಾಗಿ ಹೋದರೋ ಎಂದು ಸಿಟ್ಟು ನೆತ್ತಿಗೇರಿತು. ಅಷ್ಟರಲ್ಲಿ ಎರಡು ಟಾಂಗಾ ಬಂದು ನಿಂತವು. ಇಳಿದವರು ನಮ್ಮ ಓಣಿಯವರೇ! ತವರಿನವರು ಊರಾಚೆಯಿಂದ ಬರಬೇಕು ತಾನೆ? ಅದಕ್ಕೇ ಹಿತ್ತಲ ದಾರಿಯಲ್ಲಿ ಬಸ್ ಸ್ಟ್ಯಾಂಡಿನವರೆಗೆ ನಡೆದು, ಅಲ್ಲಿಂದ ಟಾಂಗಾ ಮಾಡಿಕೊಂಡು ಬಂದಿದ್ದರು. ಒಬ್ಬಳ ತಲೆಯ ಮೇಲೆ ಸಜ್ಜೆ ರೊಟ್ಟಿ, ಮೊಸರನ್ನದ ಬುತ್ತಿ. ಇನ್ನೊಬ್ಬಳ ಕೈಯಲ್ಲಿ ಶೇಂಗಾ ಹೋಳಿಗೆ. ಖಾಲಾಳ ಸೆರಗಿನಲ್ಲಿ ಹಸಿರು ಬಳೆ. ಕಾಲಿಗೆ ನೀರು ಕೇಳಿದರು. ಬಸ್ಸಿನ ನೂಕಾಟ, ದಾರಿಯ ಧೂಳು ಎಂದು ಗೊಣಗಿದರು. ದಿನಾ ನಮ್ಮ ಮನೆಯಲ್ಲೇ ಬಿದ್ದಿರುತ್ತಿದ್ದ ಪಕ್ಕದ ಮನೆಯವಳು ಬಚ್ಚಲು ಎಲ್ಲೆಂದು ನನ್ನನ್ನೇ ಕೇಳಿದಳು, ಅವಳ ಧೈರ್ಯವೇ! ನನಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಅತ್ತೆ ಒಬ್ಬೊಬ್ಬರ ಮುಖವನ್ನೂ ನಿಧಾನಕ್ಕೆ ನೋಡಿದರು. ಏನು ತಿಳಿಯಿತೋ ಏನೋ, ಎದ್ದು ಚಾಪೆ ಹಾಸಿ ಬೀಗರನ್ನು ಕೂರಿಸಿದರು.

ಹಸಿರು ಸೀರೆ ಯಾರೂ ತಂದಿರಲಿಲ್ಲ; ಉಟ್ಟ ಸೀರೆಯಲ್ಲೇ ಇನ್ನೇನು ಉಡಿ ತುಂಬಬೇಕು, ಬಾಗಿಲಲ್ಲಿ ಅಪ್ಪ. ಹೆಂಗಸರ ಕಾರ್ಯಕ್ಕೆ ತಾನೊಬ್ಬನೇ ಬಂದು ಮಾಡುವುದೇನಿಲ್ಲ ಎಂದು ಗೊತ್ತಿದ್ದೂ, ಏಳು ತಿಂಗಳ ಲೆಕ್ಕ ಹಿಡಿದು, ಕರುಳು ಕೇಳದೆ ಬಗಲಲ್ಲಿ ಒಂದು ಗಂಟು ಹಿಡಿದು ಬಂದಿದ್ದ. ಬರಿಗೈಯವನ ಹಾಗೆ ತಲೆ ತಗ್ಗಿಸಿ ಹೊಸ್ತಿಲಾಚೆಯೇ ನಿಂತ. ಒಳಗಿನ ಗದ್ದಲ ಕಂಡು, ಇವರೆಲ್ಲ ಯಾವ ಊರಿನವರೆಂದು ಕೇಳಿದ. ಅಪ್ಪ ಸುಳ್ಳು ಹೇಳಿದ್ದನ್ನು ನಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲ.

ಖಾಲಾ ಸೆರಗು ಸರಿಮಾಡಿಕೊಂಡಳು. "ಕುಕ್ಕುವಾಡದೋರು ಅಣ್ಣಾ. ನಿಮ್ಮ ಮನಿಯೋರೇ."

ಕುಕ್ಕುವಾಡದ ಪ್ರತಿ ಮುಖವನ್ನೂ ಬಲ್ಲ ಅಪ್ಪ ಅವಳನ್ನು ನೋಡಿದ, ಅತ್ತೆಯನ್ನು ನೋಡಿದ, ಆಮೇಲೆ ನನ್ನನ್ನು ನೋಡಿದ. ಹೊಸ್ತಿಲು ದಾಟಿ ಒಳಗೆ ಬಂದು ಗಂಟು ಬಿಚ್ಚಿದ. ಅದರಲ್ಲಿ ಹಸಿರು ಸೀರೆಯಿತ್ತು. ಅದನ್ನು ಖಾಲಾಳ ಕೈಗಿತ್ತ.

"ಅವಸರದಾಗ ಸೀರೆ ಮನ್ಯಾಗೇ ಬಿಟ್ಟು ಬಂದಿದ್ರಿ ನೋಡವ್ವಾ ತಂಗಿ," ಎಂದ. "ತಂದೀನಿ. ಉಡಿಸು."