ಹುಳ ಹಿಡಿಯದ ಹೊನ್ನೆ

ಪಾಂಡವಪುರದ ನಮ್ಮ ಮನೆಯ ಹಿತ್ತಲಲ್ಲಿ ಒಂದು ಕೊಟ್ಟಿಗೆಯಿದೆ. ನನ್ನ ತಾಯಿ ಇರುವವರೆಗೆ ಅಲ್ಲಿ ಎಮ್ಮೆ ಕಟ್ಟುತ್ತಿದ್ದರು. ನಾಲ್ಕು ವರ್ಷಗಳ ಹಿಂದೆ ನಾನು ಅದಕ್ಕೆ ಸಿಮೆಂಟಿನ ನೆಲ ಹಾಕಿಸಿ ಮರ ಕೆತ್ತುವ ಸಿ.ಎನ್.ಸಿ. ಮಿಷನ್ನೊಂದನ್ನು ತಂದಿಟ್ಟೆ. ಮಂಚದ ಅರ್ಧದಷ್ಟಿರುವ ಮೇಜು, ಅದರ ಮೇಲೆ ಅತ್ತಿಂದಿತ್ತ ಓಡಾಡುವ ಮೋಟಾರು, ಮೋಟಾರಿನ ತುದಿಯಲ್ಲಿ ಪೆನ್ಸಿಲ್ಲಿನಷ್ಟು ದಪ್ಪದ ಬಿಟ್ಟು, ಅಂದರೆ ಕೊರೆಯುವ ಅಲಗು. ಲ್ಯಾಪ್‌ಟಾಪಿನಲ್ಲಿ ಚಿತ್ರ ಕೊಟ್ಟರೆ ಅದನ್ನೇ ಮರದಲ್ಲಿ ಕೊರೆಯುತ್ತದೆ.

ನಾನು ನಾಗಮಂಗಲದ ಕಡೆಯ ಒಂದು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಉಳಿ ಹಿಡಿದು ಒಂದು ಗೂಟವನ್ನೂ ನೆಟ್ಟಗೆ ಕೆತ್ತಿದವನಲ್ಲ. ಆದರೂ ಮಿಷನ್ನು ಬಂದ ಮೇಲೆ ನೆಂಟರಿಷ್ಟರ ಮನೆಯ ಬಾಗಿಲುಗಳ ಮೇಲೆಲ್ಲ ನಾನು ಕೆತ್ತಿದ ಹೆಸರಿನ ಹಲಗೆಗಳು ಬಂದವು. ನವಿಲು, ಗಣಪತಿ, ಕಮಲ, ಯಾರು ಏನು ಕೇಳಿದರೂ ಮಾಡಿಕೊಟ್ಟೆ. "ಮೇಷ್ಟ್ರ ಕೈಲಿ ಕಲೆ ಅದೆ ಕಣ್ರಿ" ಎಂದು ಜನ ಅನ್ನುತ್ತಿದ್ದರು. ಕೈಯಲ್ಲ, ಮಿಷನ್ನು ಎಂದು ತಿದ್ದಬೇಕಿತ್ತು. ನಾನು ನಗುತ್ತ ಸುಮ್ಮನಿರುತ್ತಿದ್ದೆ.

ನನ್ನ ಹೆಂಡತಿಯ ದೊಡ್ಡಮ್ಮ ಬೆಳಗೊಳದ ಹತ್ತಿರದ ಹಳ್ಳಿಯವರು. ನಾನು ಅವರನ್ನು ಅತ್ತೆ ಎಂದೇ ಕರೆಯುವುದು. ಹಳೇ ಮನೆ ಕೆಡವಿ ತಾರಸಿ ಮನೆ ಕಟ್ಟಿಸುತ್ತಿದ್ದರು. ಒಂದು ದಿನ ಮಗನ ಟೆಂಪೋದಲ್ಲಿ ಹಳೇ ಮನೆಯ ತಲೆಬಾಗಿಲಿನ ಒಂದು ಕದವನ್ನು ಹಾಕಿಸಿಕೊಂಡು ಬಂದರು. ಒಂದೂವರೆ ಅಡಿ ಅಗಲದ, ಒಂದೇ ಹಲಗೆಯ ಹೊನ್ನೆ ಮರದ ಕದ. ಜೊತೆಗೆ ಪ್ಲಾಸ್ಟಿಕ್ ಕವರಿನಲ್ಲಿ ಒಂದು ಹಳೇ ಫೋಟೋ. ತೀರಿಹೋದ ಅವರ ಗಂಡ, ನಮ್ಮ ಮಾವ, ಸಾಕಿದ್ದ ಜೋಡಿ ಎತ್ತುಗಳು ಅದರಲ್ಲಿದ್ದವು.

"ಅಳಿಮಯ್ಯ, ಈ ಜೋಡೀನ ಈ ಹಲಗೇಲಿ ಬುಡಿಸ್ಕೊಡಿ. ಹೊಸ ಮನೆ ಬಾಗ್ಲು ಮ್ಯಾಲೆ ಹಾಕುಸ್ತೀನಿ" ಎಂದರು. "ಈ ಮರಾನ ನಿಮ್ಮಾವ ನಾಗಮಂಗಲದ ಕಡೆಯಿಂದ ಇದೇ ಎತ್ತಿನ ಗಾಡೀಲಿ ಹೇರ್ಕಂಡ್ ಬಂದಿದ್ರು. ನನ್ ಮೈದ ಮಾತ್ರ, ಅಣ್ಣ ಮೋಸ ಓದ, ಅದು ಒಳ್ಳೆ ಮರ ಅಲ್ಲ ಅಂತ ಇವ್ರು ಸಾಯೋಗಂಟ ಆಡ್ಕಂಡ. ನಿಮ್ಮಾವ ಒಂದೇ ಮಾತು ಅಂತಿದ್ರು: ಬಾಗ್ಲೇ ಯೋಳ್ತದೆ ಬುಡು, ಅಂತ."

ಒಂದು ಭಾನುವಾರ ಹಲಗೆಯನ್ನು ಅಳತೆಗೆ ಕೊಯ್ದು ಮೇಜಿಗೆ ಬಿಗಿದು ಕೆಲಸ ಶುರು ಮಾಡಿದೆ. ಹೊನ್ನೆಯ ಪುಡಿ ಅರಿಸಿನದ ಹಾಗೆ ಎದ್ದು ನೆಲದ ಮೇಲೆ ಕೂತಿತು. ಮೊದಲು ಗಿಡ್ಡ ಬಿಟ್ಟಿನಲ್ಲಿ ಒರಟಾಗಿ ಕೊರೆಯುವ ಕೆಲಸ. ಮಧ್ಯಾಹ್ನದ ಹೊತ್ತಿಗೆ ಎತ್ತುಗಳ ಹಿಣಿಲು, ಕೊಂಬು, ಗಂಗೆದೊಗಲು ಮೂಡಿದ್ದವು. ಅಷ್ಟು ಚೆನ್ನಾದ ಕೆತ್ತನೆ ನನ್ನ ಕೊಟ್ಟಿಗೆಯಲ್ಲಿ ಅದುವರೆಗೆ ಆಗಿರಲಿಲ್ಲ.

ಆಮೇಲೆ ನಯಗೊಳಿಸುವುದಕ್ಕೆ ಉದ್ದನೆಯ ತೆಳು ಬಿಟ್ಟು ಹಾಕಬೇಕು. ಬಿಟ್ಟು ಬದಲಿಸಿದಾಗಲೆಲ್ಲ ಅದರ ತುದಿಯನ್ನು ಮರದ ಮೇಲ್ಮೈಗೆ ತಾಗಿಸಿ ಎತ್ತರವನ್ನು ಹೊಸದಾಗಿ ಹೊಂದಿಸಬೇಕು. ಇಲ್ಲದಿದ್ದರೆ ಹಳೇ ಬಿಟ್ಟೇ ಇದೆ ಎಂದುಕೊಂಡು ಮಿಷನ್ನು ಹೊಸದನ್ನು ಆಳಕ್ಕೆ ಇಳಿಸಿಬಿಡುತ್ತದೆ. ಇದು ಕಲಿಯುವವನಿಗೆ ಹೇಳಿಕೊಡುವ ಮೊದಲ ಪಾಠ. ನಾನು ಆ ಹೊತ್ತಿನಲ್ಲಿ ಮಿಷನ್ನು ಕೊರೆಯುವ ವಿಡಿಯೋ ತೆಗೆದು ಸ್ಕೂಲಿನ ವಾಟ್ಸಾಪ್ ಗುಂಪಿಗೆ ಹಾಕುವ ಸಂಭ್ರಮದಲ್ಲಿದ್ದೆ. ಬಿಟ್ಟು ಬದಲಿಸಿದೆ, ಗುಂಡಿ ಒತ್ತಿದೆ, ಫೋನು ಹಿಡಿದು ಅಂಗಳಕ್ಕೆ ಬಂದೆ. ಕೊಟ್ಟಿಗೆಯಲ್ಲಿ ಸಿಗ್ನಲ್ಲು ಸರಿಯಾಗಿ ಸಿಗುವುದಿಲ್ಲ. ಸಹೋದ್ಯೋಗಿಗಳ ಹೊಗಳಿಕೆಗಳು ಒಂದೊಂದಾಗಿ ಬರತೊಡಗಿದವು. ಅವನ್ನು ಓದುತ್ತ ನಿಂತೆ.

ಮೊದಲು ಸುಟ್ಟ ವಾಸನೆ ಬಂತು. ಆಮೇಲೆ ಕೊಂಬೆ ಮುರಿದಂಥ ಸದ್ದು. ಓಡಿ ಹೋಗಿ ನೋಡಿದರೆ ಎಡಗಡೆಯ ಎತ್ತಿನ ಮುಖದಿಂದ ಎದೆಯವರೆಗೆ ಎರಡು ಬೆರಳು ಆಳದ ಗೀರು ಬಿದ್ದಿತ್ತು. ಬಿಟ್ಟು ಮುರಿದು ಒಳಗೇ ಸಿಕ್ಕಿಕೊಂಡಿತ್ತು. ಹಲಗೆ ಉದ್ದಕ್ಕೂ ಸೀಳಿಹೋಗಿತ್ತು. ಸ್ವಿಚ್ಚು ಆರಿಸಿ ಅಲ್ಲೇ ಕುಕ್ಕರಿಸಿದೆ. ಸೀಳಿದ ಕಡೆ ಮರ ಒಳಗೆಲ್ಲ ಜೇನಿನ ಬಣ್ಣಕ್ಕೆ ಹೊಳೆಯುತ್ತಿತ್ತು. ಎಲ್ಲೂ ಒಂದು ಸೂಜಿಯ ಮೊನೆಯಷ್ಟು ತೂತು ಕೂಡ ಇರಲಿಲ್ಲ.

ಮಾರನೆಯ ದಿನ ಅತ್ತೆಯ ಫೋನು ಬಂತು.

"ಆಯ್ತಾ ಅಳಿಮಯ್ಯ?"

ತಪ್ಪಾಯ್ತು ಅತ್ತೆ, ಹಾಳು ಮಾಡಿಬಿಟ್ಟೆ ಎಂದು ಹೇಳಬೇಕೆಂದೇ ಬಾಯಿ ತೆರೆದೆ. ಹೊರಬಂದದ್ದು ಬೇರೆ. "ಅತ್ತೆ, ಆ ಮರ ಒಳಗೆ ಹುಳ ಹಿಡಿದುಬಿಟ್ಟಿತ್ತು. ಮೇಲೆ ಚೆನ್ನಾಗಿತ್ತು, ಬಿಟ್ಟು ತಾಗುತ್ತಲೇ ಕುಸಿದು ಸೀಳಿಹೋಯ್ತು."

 "ಅಯ್ಯೋ ನನ್ನಪ್ಪ, ನಿಮ್ ಮಿಷನ್ಗೆ ಏನೂ ಆಗ್ನಿಲ್ವಾ? ಕೆಟ್ಟ ಮರ ಕೊಟ್ಟು ನಿಮ್ಗೆ ತೊಂದ್ರೆ ಮಾಡ್ಬುಟ್ನಲ್ಲ" ಎಂದರು.

ಅವರು ನನ್ನ ಕ್ಷಮೆ ಕೇಳಿದರು. ನಾನು, "ಪರವಾಗಿಲ್ಲ ಬಿಡಿ ಅತ್ತೆ" ಎಂದೆ. ಕ್ಷಮಿಸಿದೆ!

ಮೂರು ದಿನ ಬಿಟ್ಟು ಅವರ ಮಗ ಒಂದು ಡಬ್ಬಿ ತುಂಬ ಗಿಣ್ಣು ತಂದುಕೊಟ್ಟು ಹೋದ. ಮಿಷನ್ನಿಗೆ ತೊಂದರೆಯಾಯಿತಲ್ಲ ಎಂಬ ಸಂಕೋಚಕ್ಕೆ, ಹಸು ಕರು ಹಾಕಿದ ಮೊದಲ ಹಾಲಿನಲ್ಲೇ ಮಾಡಿ ಕಳಿಸಿದ್ದರು. ನನ್ನ ಹೆಂಡತಿ ಅದನ್ನು ತಟ್ಟೆಗೆ ಹಾಕಿ ನನ್ನ ಮುಂದಿಟ್ಟಳು. ತಾನು ಹಾಕಿಕೊಳ್ಳಲಿಲ್ಲ.

"ಕೊಟ್ಟಿಗೆ ಗುಡಿಸಿದೆ" ಎಂದಳು. "ಆ ಹಲಗೇಲಿ ಹುಳ ಎಲ್ಲಿತ್ತು ರೀ?"

ನಾನು ಗಿಣ್ಣು ತಿಂದೆ.

ತಪ್ಪಿಗೆ ಬದಲಾಗಿ ಅಂಗಡಿಯಿಂದ ತೇಗದ ಹಲಗೆ ತಂದು, ಬಿಟ್ಟಿನ ಎತ್ತರವನ್ನು ಮೂರು ಮೂರು ಸಲ ನೋಡಿ, ಅದೇ ಜೋಡಿಯನ್ನು ಕೆತ್ತಿದೆ. ಚೆನ್ನಾಗಿಯೇ ಬಂತು. ಇಷ್ಟು ಮಾಡಿದರೆ ಲೆಕ್ಕ ಸರಿಹೋಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ.

ಗೃಹಪ್ರವೇಶದ ಬೆಳಿಗ್ಗೆ ಅದನ್ನು ಬಾಗಿಲ ಮೇಲೆ ಕೂರಿಸಿದ್ದರು. ಬಂದವರೆಲ್ಲ ಕತ್ತೆತ್ತಿ ನೋಡುತ್ತಿದ್ದರು. ಅತ್ತೆ ಎಲ್ಲರಿಗೂ ನನ್ನನ್ನು ತೋರಿಸಿ, "ನಮ್ ಅಳಿಮಯ್ಯಾರು ಮಾಡ್ಕೊಟ್ಟಿದ್ದು. ಮರಾನೂ ಅವ್ರೇ ಕೊಟ್ರು" ಎನ್ನುತ್ತಿದ್ದರು. ಆ ಮಾತುಗಳನ್ನು ಕೇಳಲಾರದೆ ಮನೆಯ ಹಿಂದಕ್ಕೆ ಹೋದೆ. ಅಲ್ಲಿ ಶಾಮಿಯಾನದ ಕೆಳಗೆ ಅಡಿಗೆ ನಡೆಯುತ್ತಿತ್ತು. ದೊಡ್ಡ ಕೊಳಗದಲ್ಲಿ ಪಾಯಸ ಕುದಿಯುತ್ತಿತ್ತು. ಅದರ ಕೆಳಗೆ ಉರಿಯುತ್ತಿದ್ದ ಸೌದೆಯ ಜೇನಿನ ಬಣ್ಣ ನೋಡಿ ಹತ್ತಿರ ಹೋದೆ. ಪಕ್ಕದಲ್ಲಿ ಹಳೇ ತಲೆಬಾಗಿಲಿನ ಇನ್ನೊಂದು ಕದ ಬಿದ್ದಿತ್ತು. ಅರ್ಧ ಸೀಳಿ ಒಲೆಗೆ ಹಾಕಿದ್ದರು. ಇನ್ನರ್ಧ, ಚಿಲಕದ ಸಮೇತ, ಹಾಗೇ ಇತ್ತು.

ಅಡಿಗೆಯವನು ಕೊಡಲಿ ಕೆಳಗಿಟ್ಟು ಬೆವರು ಒರೆಸಿಕೊಂಡ. "ಏನ್ ಗಟ್ಟಿ ಮರನಪ್ಪ ಇದು, ಕೊಡ್ಲೀನೇ ವಾಪಸ್ ಎಸೀತದೆ."

ಅತ್ತೆ ಹಿಂದೆಯೇ ಬಂದಿದ್ದರು. "ನಾನೇ ಒಲೆಗೆ ಹಾಕಿ ಅಂದೆ ಅಳಿಮಯ್ಯ. ಒಂದ್ ಕದಕ್ಕೆ ಹುಳ ಬಿದ್ಮ್ಯಾಲೆ ಇನ್ನೊಂದುಕ್ಕೆ ಬೀಳ್ದೆ ಇದ್ದದಾ? ಹೊಸ ಮನೆ ಚೌಕಟ್ಗೆಲ್ಲ ಹತ್ಕಂಡ್ಬುಟ್ರೆ?"

ಅವರ ಮೈದುನ, ನನಗೆ ಚಿಕ್ಕಮಾವ, ಅಲ್ಲೇ ಕುರ್ಚಿಯ ಮೇಲೆ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. "ನಾನ್ ಅವತ್ತೇ ಯೋಳಿದ್ದೆ, ಅಣ್ಣ ಮೋಸ ಓದ ಅಂತ" ಎಂದು ಗಟ್ಟಿಯಾಗಿ ನಕ್ಕರು.

ಅತ್ತೆ ಸೆರಗು ಸರಿಮಾಡಿಕೊಂಡು, "ಊ ಕಣಪ್ಪ, ನೀನೇ ಗೆದ್ದೆ. ಅವ್ರಿಗೆ ಮರ ನೋಡಾಕೆ ಬತ್ತಿರ್ನಿಲ್ಲ" ಎಂದರು.

ನಾನು ಆಗ ಬಾಯಿ ಬಿಟ್ಟಿದ್ದರೆ ಅರ್ಧ ಕದವಾದರೂ ಉಳಿಯುತ್ತಿತ್ತು. ಒಂದು ಮಾತು ಸಾಕಿತ್ತು. ಅಡಿಗೆಯವನು ಮತ್ತೆ ಕೊಡಲಿ ಎತ್ತಿಕೊಂಡ. ನಾನು ಮುಂದಕ್ಕೆ ಬಂದು ಪಂಕ್ತಿಯಲ್ಲಿ ಕೂತು ಊಟ ಮಾಡಿದೆ. ಪಾಯಸ ಬಡಿಸಿದರು, ಅದನ್ನೂ ಉಂಡೆ.

ಬೇರೆಯವರು ನಮಗೆ ಮಾಡಿದ ಕೆಡುಕನ್ನು ಮರೆಯಬಹುದು, ನಾವೇ ಮಾಡಿದ ಸಣ್ಣತನ ಮಾತ್ರ ಹೊತ್ತಲ್ಲದ ಹೊತ್ತಿನಲ್ಲಿ ಎದುರು ಬಂದು ನಿಲ್ಲುತ್ತದೆ. ಬೋರ್ಡಿನ ಮೇಲೆ ಪ್ರಮೇಯ ಬರೆಯುತ್ತಿರುವಾಗ ಆ ಚಿಲಕ ಕಣ್ಣಿಗೆ ಬರುತ್ತಿತ್ತು. ಮಕ್ಕಳು ಸುಳ್ಳು ಹೇಳಿ ಸಿಕ್ಕಿಬಿದ್ದರೆ ಮೊದಲಿನ ಹಾಗೆ ಗದರಲು ಬಾಯಿ ಬರುತ್ತಿರಲಿಲ್ಲ. ಕೊಟ್ಟಿಗೆಗೆ ಬೀಗ ಹಾಕಿದೆ. ಸೀಳಿದ ಹಲಗೆಯ ಎರಡು ತುಂಡುಗಳು ಮೇಜಿನ ಕೆಳಗೇ ಇದ್ದವು. ಎಸೆಯಲೂ ಆಗಲಿಲ್ಲ, ನೋಡಲೂ ಆಗಲಿಲ್ಲ.

ಒಂದೆರಡು ತಿಂಗಳು ಕಳೆದಿರಬೇಕು. ಅವರೆಕಾಯಿ ಬಂದಿದೆ, ಇಬ್ಬರೂ ಬನ್ನಿ ಎಂದು ಅತ್ತೆ ಹೇಳಿ ಕಳಿಸಿದರು. ಹೆಂಡತಿ, "ನಾನು ಬರಲ್ಲ" ಎಂದಳು. "ಯಾಕೆ?" ಎಂದೆ. "ಅವರ ಮುಂದೆ ಕೂತರೆ ನಾನೂ ಸುಳ್ಳು ಹೇಳಬೇಕಾಗುತ್ತೆ. ನನ್ನನ್ನ ಸಾಕಿದವರು ಅವರು" ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಜಗಳವಾಡಿ ತಪ್ಪಿಸಿಕೊಳ್ಳುತ್ತಿದ್ದೆನೇನೋ.

ಎರಡು ತುಂಡನ್ನೂ ಗೋಣಿಚೀಲದಲ್ಲಿ ಸುತ್ತಿ ಬೈಕಿಗೆ ಕಟ್ಟಿಕೊಂಡು ಹೊರಟೆ. ನಾಲೆಯ ಏರಿಯ ಮೇಲೆ ಎರಡು ಕಡೆ ನಿಲ್ಲಿಸಿದೆ. ಒಮ್ಮೆ ವಾಪಸ್ಸು ತಿರುಗಿಸಿಯೂ ಬಿಟ್ಟಿದ್ದೆ.

ಅತ್ತೆ ಹೊಸ ಮನೆಯ ಮೆಟ್ಟಿಲ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದರು. ಚೀಲ ಬಿಚ್ಚಿ ತುಂಡುಗಳನ್ನು ಅವರ ಮುಂದಿಟ್ಟೆ. ಬಿಟ್ಟು ಬದಲಿಸಿದ್ದು, ಎತ್ತರ ಹೊಂದಿಸದೆ ಹೋದದ್ದು, ಫೋನು ನೋಡುತ್ತ ನಿಂತಿದ್ದು, ಎಲ್ಲವನ್ನೂ ಹೇಳಿದೆ. ಅವರು ಒಂದು ತುಂಡನ್ನು ತೊಡೆಯ ಮೇಲಿಟ್ಟುಕೊಂಡು ಸೀಳಿನ ಉದ್ದಕ್ಕೂ ಬೆರಳಾಡಿಸಿದರು.

"ಎಲ್ಲೂ ಹುಳ ಇಲ್ವಲ್ಲ."

"ಇಲ್ಲ ಅತ್ತೆ."

"ಅವತ್ತೂ ಇರ್ನಿಲ್ವಾ?"

"ಇರಲಿಲ್ಲ."

"ಒಲೆ ತಾವ ನಿಂತಿದ್ರಲ್ಲ ನೀವು? ಅರ್ಧ ಕದ ಇನ್ನೂ ಅಂಗೇ ಇತ್ತು."

"ಹೌದು ಅತ್ತೆ. ನೋಡಿದೆ."

ಅವರು ಮೊರದಲ್ಲಿದ್ದ ಕಾಳನ್ನು ಸುಮ್ಮನೆ ಅತ್ತಿತ್ತ ಸರಿಸಿದರು. "ಮರ ಓದ್ರೆ ಓಗ್ಲಿ ಬುಡಿ, ಮಿಷನ್ನು ಕೆಡ್ತದೆ, ಯಾರ್ ತಾನೆ ಏನ್ ಮಾಡಾಕಾಯ್ತದೆ. ಆದ್ರೆ ಸತ್ತವ್ರನ್ನ ನನ್ ಬಾಯಲ್ಲೇ ಅನ್ನಿಸ್ಬುಟ್ರಲ್ಲ ಅಳಿಮಯ್ಯ. ಅವ್ರು ಇದ್ದಾಗ ಒಂದ್ ದಿನಾನೂ ಅಂಗೆ ಅಂದೋಳಲ್ಲ ನಾನು."

ಕಾಲಿಗೆ ಬೀಳಲು ಬಗ್ಗಿದೆ. ಅವರು ಕಾಲು ಹಿಂದಕ್ಕೆಳೆದುಕೊಂಡರು. "ನಂಗ್ ಯೋಳಿದ್ದು ಸಾಕು. ಡೈರಿ ತಾವ ನನ್ ಮೈದ ಹಾಲು ಹಾಕಾಕೆ ಬಂದಿರ್ತಾನೆ. ಅವ್ನಿಗ್ ಯೋಳಿ. ನಾನ್ ಬರಾಕಿಲ್ಲ."

ಇನ್ನೊಂದು ತುಂಡನ್ನು ಹಿಡಿದು ಹೋದೆ. ಡೈರಿಯ ಮುಂದೆ ಕ್ಯಾನುಗಳ ಸಾಲಿತ್ತು. ಹತ್ತು ಹನ್ನೆರಡು ಜನ ನಿಂತಿದ್ದರು. ಚಿಕ್ಕಮಾವ ಸಾಲಿನ ನಡುವೆ ಇದ್ದರು. ಹತ್ತಿರ ಹೋಗಿ ಮೆಲ್ಲಗೆ ಹೇಳಲು ಶುರು ಮಾಡಿದೆ.

"ಏನು? ಕಿವಿ ವಸಿ ಮಂದ ಕಣ್ರಿ. ಜೋರಾಗ್ ಯೋಳಿ."

ಜೋರಾಗಿಯೇ ಹೇಳಬೇಕಾಯಿತು. ಕ್ಲಾಸಿನಲ್ಲಿ ಕೊನೆಯ ಬೆಂಚಿಗೆ ಕೇಳಿಸುವಂತೆ ಪಾಠ ಮಾಡುವ ಅದೇ ದನಿಯಲ್ಲಿ, ಹುಳ ಇರಲಿಲ್ಲ, ನಾನೇ ಮರ ಕೆಡಿಸಿ ಸುಳ್ಳು ಹೇಳಿದೆ ಎಂದೆ. ಸಾಲಿನಲ್ಲಿದ್ದವರೆಲ್ಲ ತಿರುಗಿದರು. ಯಾರೋ, "ಮೇಷ್ಟ್ರೇ ಇಂಗಾ?" ಎಂದು ಕಿಸಕ್ಕನೆ ನಕ್ಕರು.

"ಲೇ, ಸುಮ್ಕಿರ್ಲಾ" ಎಂದು ಚಿಕ್ಕಮಾವ ಗದರಿದರು. ನನ್ನ ಕೈಯಲ್ಲಿದ್ದ ತುಂಡನ್ನು ತೆಗೆದುಕೊಂಡು ಗೆಣ್ಣಿನಿಂದ ತಟ್ಟಿದರು, ಉಗುರಿನಿಂದ ಕೆರೆದರು. ಮುಖದಲ್ಲಿ ಮೊದಲಿನ ನಗುವಿರಲಿಲ್ಲ.

"ಒಳ್ಳೆ ಮರ" ಎಂದರು, ತಮಗೆ ತಾವೇ ಎಂಬಂತೆ. "ಮರ ನೋಡಾಕೆ ಅಣ್ಣನ ಜೊತೆ ನಾನೂ ಓಗಿದ್ದೆ. ನಾನ್ ತೋರ್ಸಿದ್ ಮರ ಬುಟ್ಟು ಇದ್ನ ತಗಂಡ ಅಂತ ಸಿಟ್ಟಿತ್ತು. ಹುಳ ಬಿದ್ದ ಬಾಗ್ಲು ಅಷ್ಟ್ ವರ್ಸ ನಿಂತಿರ್ತದಾ? ನಂಗೇನ್ ಗೊತ್ತಿರ್ನಿಲ್ವಾ?"

ಹಾಲಿನ ಕ್ಯಾನನ್ನು ಪಕ್ಕದವನ ಕೈಗೆ ಕೊಟ್ಟು, ತುಂಡನ್ನು ಕಂಕುಳಲ್ಲಿ ಇಟ್ಟುಕೊಂಡು ಅತ್ತಿಗೆಯ ಮನೆಯ ಕಡೆ ನಡೆದರು. ನಾನು ಹಿಂದೆ ಹೋಗಲಿಲ್ಲ. ಅಲ್ಲಿ ಅವರಿಬ್ಬರ ನಡುವೆ ಏನು ಮಾತಾಯಿತೋ ಇವತ್ತಿಗೂ ನನಗೆ ತಿಳಿಯದು.

ಆಮೇಲೆ ಬಹಳ ದಿನ ಅತ್ತೆ ನಮ್ಮ ಮನೆಗೆ ಬರಲಿಲ್ಲ. ಹೆಂಡತಿ ಮಾತ್ರ ಹೋಗಿ ಬಂದು ಮಾಡುತ್ತಿದ್ದಳು. ನಾನು ಕೊಟ್ಟಿಗೆಯ ಬೀಗ ತೆಗೆದು ಮತ್ತೆ ಕೆಲಸ ಶುರು ಮಾಡಿದ್ದೆ, ಆದರೆ ಯಾರಿಗೂ ಹೇಳಿಕೊಳ್ಳುತ್ತಿರಲಿಲ್ಲ.

ಹೋದ ಬೇಸಿಗೆಯಲ್ಲಿ ಕೆ.ಆರ್. ಪೇಟೆಯಲ್ಲಿ ನೆಂಟರ ಮದುವೆ. ಊಟದ ಸಾಲಿನಲ್ಲಿ ನೋಡಿದರೆ ಎದುರಿಗೇ ಅತ್ತೆ. ನನ್ನ ಪಕ್ಕ ಕೂತ ಮದುವೆಮನೆಯ ಹೆಂಗಸೊಬ್ಬರು, "ನಮ್ಮಜ್ಜಿ ಕಾಲದ ತೊಟ್ಲು ಹಲಗೆ ಒಂದದೆ ಮೇಷ್ಟ್ರೆ, ಹೂ ಕೆತ್ಕೊಡ್ತೀರಾ?" ಎಂದು ಕೇಳಿದರು.  ಆಗುತ್ತದೆ ಎನ್ನಲೇ, ಆಗದು ಎನ್ನಲೇ? ಅತ್ತೆಯ ಮುಖ ನೋಡುವ ಧೈರ್ಯವಾಗಲಿಲ್ಲ.

ಉತ್ತರ ಕೊಟ್ಟವರು ಅತ್ತೆ. "ಕೊಡವ್ವ, ಮಾಡ್ಕೊಡ್ತಾರೆ. ಕೆಟ್ರೆ ಕೆಡಿಸ್ಬುಟ್ಟೆ ಅಂತ ಅವ್ರೇ ಯೋಳ್ತಾರೆ."

ಅದು ಹೊಗಳಿಕೆಯೋ ಚುಚ್ಚೋ ನನಗೆ ಗೊತ್ತಾಗಲಿಲ್ಲ. ಆ ಹೆಂಗಸು ನಕ್ಕರು, ಅತ್ತೆ ನಗಲಿಲ್ಲ. ಬಡಿಸುವವನು ಬಂದು ಅನ್ನ ಬೇಕೇ ಎಂದ. ನಾನು ತಲೆ ತಗ್ಗಿಸಿಕೊಂಡೇ ಎಲೆಯ ಮೇಲೆ ಕೈ ಅಡ್ಡ ಹಿಡಿದೆ.